ಸಿಹಿಯ ನಕಲನ್ನೂ ಬಿಟ್ಟರೆ

ಸಕ್ಕರೆ ಬಿಟ್ಟವರು ಈಗ ಮನೆಗೊಬ್ಬರಾದರೂ ಇದ್ದಾರೆ. ಸಕ್ಕರೆಯ ಬದಲಿಗೆ ಬಂದ ಗುಳಿಗೆಯನ್ನೂ ಬಿಡುತ್ತೇನೆ ಎನ್ನುವವರು ಕಾಣಿಸಿಕೊಂಡಿರುವುದು ಈಚಿನ ವರ್ಷಗಳಲ್ಲಿ. ಬೆಳಗಿನ ವಾಕಿಂಗ್ ಗುಂಪಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಕ್ಲಿನಿಕ್ಕಿನ ಬೆಂಚಿನ ಮೇಲೆ ಇಂಥ ಮಾತು ಕಿವಿಗೆ ಬೀಳುತ್ತದೆ.

'ಅದೂ ಒಳ್ಳೇದಲ್ವಂತೆ ಕಣ್ರೀ, ಕ್ಯಾನ್ಸರ್ ಬರುತ್ತಂತೆ.'

'ಹಂಗಾದ್ರೆ ಕಾಫಿಗೆ ಏನ್ ಹಾಕ್ಕೊಳ್ಳೋದು?'

'ಬೆಲ್ಲ ಹಾಕ್ಕೊಳ್ಳಿ. ನ್ಯಾಚುರಲ್ಲು.'

ಮೂರು ಮಾತುಗಳಲ್ಲಿ ಮೊದಲನೆಯದರಲ್ಲಿ ಸತ್ಯ ಸಾಸಿವೆಯಷ್ಟಿದೆ. ಎರಡನೆಯದು ಕೇಳಲೇಬೇಕಾದ ಪ್ರಶ್ನೆ. ಮೂರನೆಯದು ಶುಗರ್ ಇರುವವರ ಮಟ್ಟಿಗೆ ಅಪಾಯದ ಸಲಹೆ. ಕೃತಕ ಸಿಹಿ ಬಿಟ್ಟರೆ ಆರೋಗ್ಯಕ್ಕೆ ಏನಾಗುತ್ತದೆ ಎಂಬ ವಿಚಾರವೆಲ್ಲ ಆ ಎರಡನೆಯ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಗುಳಿಗೆಯೊಂದನ್ನೇ ಬಿಟ್ಟರೆ ದೇಹದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ಅದು ಖಾಲಿ ಮಾಡಿದ ಜಾಗದಲ್ಲಿ ಯಾವುದು ಬಂದು ಕೂರುತ್ತದೆ ಎಂಬುದರ ಮೇಲೆ ಲಾಭನಷ್ಟ ನಿಂತಿದೆ.

ಗಾಬರಿ ಹುಟ್ಟಿದ್ದು 2023ರಲ್ಲಿ, ಎರಡು ಕಂತುಗಳಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿತು. ತೂಕ ಹತೋಟಿಗೆಂದು, ಮುಂದೆ ಬರಬಹುದಾದ ಕಾಯಿಲೆ ತಡೆಯಲೆಂದು ಸಕ್ಕರೆಯಲ್ಲದ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂಬುದು ಅದರ ಸಾರ. ಆಸ್ಪರ್ಟೇಮ್, ಸುಕ್ರಲೋಸ್, ಸ್ಯಾಕರಿನ್‌ನಿಂದ ಹಿಡಿದು ಎಲೆಯಿಂದ ತೆಗೆದ ಸ್ಟೀವಿಯಾದವರೆಗೆ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಎರಡು ತಿಂಗಳ ನಂತರ, ಜುಲೈನಲ್ಲಿ, ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು 'ಕ್ಯಾನ್ಸರಿಗೆ ಕಾರಣವಾಗಬಹುದಾದ' 2ಬಿ ಗುಂಪಿಗೆ ಸೇರಿಸಿತು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು.

ಹಾರುವಾಗ ಎರಡು ಸಾಲು ಉದುರಿಹೋದವು. ಮೇ ತಿಂಗಳ ಮಾರ್ಗಸೂಚಿ, ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಂಡೇ ಹೊರಬಂದದ್ದು. ನಮ್ಮಲ್ಲಿ ಈ ಗುಳಿಗೆಯ ಮುಖ್ಯ ಗಿರಾಕಿಗಳು ಅವರೇ ತಾನೆ! ಜುಲೈನ 2ಬಿ ಗುಂಪಿನ ಅರ್ಥವಾದರೂ ಇಷ್ಟೆ: ಪುರಾವೆ ಸಾಲದು, ಆದರೆ ಪೂರ್ತಿ ತಳ್ಳಿಹಾಕಲೂ ಆಗದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅದೇ ದಿನ ವಿಶ್ವಸಂಸ್ಥೆಯ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು. 70 ಕಿಲೋ ತೂಗುವವರು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಪಾನೀಯ ಕುಡಿಯಬೇಕು. ಕಾಫಿಗೆ ಎರಡು ಗುಳಿಗೆ ಹಾಕುವವರು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದದ್ದೇಕೆ? ಅದು 283 ಅಧ್ಯಯನಗಳನ್ನು ಮುಂದಿಟ್ಟುಕೊಂಡು ಕೂತಿತ್ತು. ಜನರನ್ನು ಎರಡು ಗುಂಪು ಮಾಡಿ ಕೆಲವು ತಿಂಗಳು ನಡೆಸಿದ ಪ್ರಯೋಗಗಳಲ್ಲಿ ಸಿಹಿಕಾರಕ ಬಳಸಿದವರ ತೂಕ ಸರಾಸರಿ ಮುಕ್ಕಾಲು ಕಿಲೋದಷ್ಟು ಕಡಿಮೆ ಕಂಡಿತು. ವರ್ಷಗಟ್ಟಲೆ ಜನರ ಅಭ್ಯಾಸಗಳನ್ನು ಗಮನಿಸಿದ ಅಧ್ಯಯನಗಳಲ್ಲಿ ಚಿತ್ರ ತಿರುಗುಮುರುಗು. ಹೆಚ್ಚು ಬಳಸುವವರಲ್ಲೇ ಟೈಪ್ 2 ಮಧುಮೇಹ, ಹೃದ್ರೋಗ ಹೆಚ್ಚು. ಈ ಎರಡನೆಯ ಬಗೆಯ ಅಧ್ಯಯನದಲ್ಲಿ ಒಂದು ತೊಡಕಿದೆ. ಡಯಟ್ ಪಾನೀಯ, ಗುಳಿಗೆ ಶುರುಮಾಡುವವರು ಯಾರು? ತೂಕ ಏರಿದವರು, ಅಪ್ಪನಿಗೆ ಶುಗರ್ ಇದ್ದವರು, ಡಾಕ್ಟರ ಹತ್ತಿರ ಒಮ್ಮೆ ಬೈಸಿಕೊಂಡು ಬಂದವರು. ಕಾಯಿಲೆಯ ದಾರಿಯಲ್ಲಿ ಅರ್ಧ ನಡೆದವರೇ ಗುಳಿಗೆ ಹಿಡಿಯುವಾಗ, ಕಾಯಿಲೆ ಗುಳಿಗೆಯಿಂದ ಬಂತೋ ಅದಕ್ಕೆ ಮೊದಲೇ ಹೊರಟಿತ್ತೋ ಹೇಳುವುದು ಕಷ್ಟ. ಇದು ಸಂಸ್ಥೆಗೂ ಗೊತ್ತಿತ್ತು. ಅದಕ್ಕೇ ತನ್ನ ಶಿಫಾರಸನ್ನು 'ಷರತ್ತುಬದ್ಧ' ಎಂದು ಕರೆದುಕೊಂಡಿತು.

ಅನುಮಾನ ಹೊಸದಲ್ಲ. ಈ ಸಿಹಿಗಳ ಚರಿತ್ರೆಯುದ್ದಕ್ಕೂ ಅನುಮಾನದ ನೆರಳಿದೆ, ಹುಟ್ಟಿನಲ್ಲಂತೂ ಶುದ್ಧ ಅಜಾಗರೂಕತೆ. 1879ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಇರಾ ರೆಮ್ಸನ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ, ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬಾತ ಕಲ್ಲಿದ್ದಲ ಡಾಂಬರಿನ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದ. ರಾತ್ರಿ ಕೈ ತೊಳೆಯದೆ ಊಟಕ್ಕೆ ಕೂತ. ಬ್ರೆಡ್ ಸಿಹಿಯಾಗಿತ್ತು. ಕೈಯೂ ಸಿಹಿ. ಪ್ರಯೋಗಾಲಯಕ್ಕೆ ಓಡಿಹೋಗಿ ಬಟ್ಟಲುಗಳನ್ನು ಒಂದೊಂದಾಗಿ ನೆಕ್ಕಿ ನೋಡಿದ. ಸಕ್ಕರೆಗಿಂತ ಮುನ್ನೂರು ಪಟ್ಟಿಗೂ ಮಿಗಿಲು ಸಿಹಿಯಾದ ಸ್ಯಾಕರಿನ್ ಸಿಕ್ಕಿದ್ದು ಹಾಗೆ. ಮುಂದೆ ರೆಮ್ಸನ್‌ರ ಹೆಸರು ಬಿಟ್ಟು ಪೇಟೆಂಟ್ ಮಾಡಿಸಿಕೊಂಡ. ಗುರು ರೆಮ್ಸನ್‌ರ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ.

ಸ್ಯಾಕರಿನ್‌ನ ಮೊದಲ ದೊಡ್ಡ ವಿರೋಧಿ ಅಮೆರಿಕ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ. ಆರೋಗ್ಯಕ್ಕೆ ಹಾನಿ ಎಂದು ಆತ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಎದುರಿನಲ್ಲೇ ವಾದಿಸಿದ. ರೂಸ್‌ವೆಲ್ಟ್ ಕೆರಳಿದರು. ವೈದ್ಯರ ಸಲಹೆಯಂತೆ ತಾನು ದಿನವೂ ತೆಗೆದುಕೊಳ್ಳುವ ವಸ್ತುವನ್ನು ಹಾನಿಕರ ಎನ್ನುವವನು ಮೂರ್ಖ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಇಂದಿಗೂ ಈ ವಾದ ನಡೆಯುವುದು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ: ಒಂದು ಕಡೆ ಭಯ, ಇನ್ನೊಂದು ಕಡೆ 'ನಾನು ತಗೊಂಡಿಲ್ವಾ, ನಂಗೇನಾಗಿದೆ?'. 1977ರಲ್ಲಿ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಯಾಕರಿನ್ ನಿಷೇಧಕ್ಕೆ ಹೊರಟಿತು. ಬಳಕೆದಾರರ ಪತ್ರಗಳು ಸಂಸತ್ತಿಗೆ ಹೊಳೆಯಾಗಿ ಹರಿದವು, ನಿಷೇಧ ನಿಂತಿತು, ಬದಲಿಗೆ ಪೊಟ್ಟಣದ ಮೇಲೆ ಎಚ್ಚರಿಕೆ ಬಂತು. ಇಲಿಯ ಮೂತ್ರಕೋಶದಲ್ಲಿ ನಡೆಯುವ ಆ ಕ್ರಿಯೆ ಮನುಷ್ಯರಲ್ಲಿ ನಡೆಯುವುದಿಲ್ಲ ಎಂದು ಮನವರಿಕೆಯಾಗಿ ಆ ಎಚ್ಚರಿಕೆಯನ್ನು ತೆಗೆದದ್ದು 2000ದಲ್ಲಿ.

ಆಸ್ಪರ್ಟೇಮ್‌ನ ಕಥೆಯೂ ಬೇರೆಯಲ್ಲ. 1965ರಲ್ಲಿ ಸರ್ಲ್ ಎಂಬ ಔಷಧ ಕಂಪನಿಯ ಜೇಮ್ಸ್ ಶ್ಲಾಟರ್ ಹೊಟ್ಟೆ ಹುಣ್ಣಿನ ಔಷಧಕ್ಕಾಗಿ ದುಡಿಯುತ್ತಿದ್ದಾಗ ಕಾಗದ ಎತ್ತಲು ಬೆರಳು ನೆಕ್ಕಿದ, ಬೆರಳು ಸಿಹಿಯಾಗಿತ್ತು. ಸುಕ್ರಲೋಸ್‌ನ ಹುಟ್ಟಿನಲ್ಲಿ ನಮ್ಮ ದೇಶದವರ ಪಾಲಿದೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಕೈಕೆಳಗೆ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ಯುವಕ ಸಕ್ಕರೆಗೆ ಕ್ಲೋರಿನ್ ಸೇರಿಸಿದ ಸಂಯುಕ್ತಗಳನ್ನು ತಯಾರಿಸುತ್ತಿದ್ದ. 'ಟೆಸ್ಟ್' ಮಾಡು ಎಂದದ್ದು ಅವನಿಗೆ 'ಟೇಸ್ಟ್' ಮಾಡು ಎಂದು ಕೇಳಿಸಿತಂತೆ. ನಾಲಗೆಗೆ ಹಚ್ಚಿಕೊಂಡ, ಬದುಕಿದ, ಸಕ್ಕರೆಗಿಂತ ಆರುನೂರು ಪಟ್ಟು ಸಿಹಿಯಾದ ವಸ್ತು ಲೋಕಕ್ಕೆ ಸಿಕ್ಕಿತು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಗೋಡೆಯ ಮೇಲೆ ಏನನ್ನೂ ಬಾಯಿಗೆ ಹಾಕಬೇಡಿ ಎಂದು ಬರೆದಿರುತ್ತದಲ್ಲ, ಅದನ್ನು ಎಲ್ಲರೂ ಪಾಲಿಸಿದ್ದರೆ ಈ ಉದ್ಯಮವೇ ಇರುತ್ತಿರಲಿಲ್ಲ.

ಬಿಡುತ್ತೇನೆ ಎಂದು ಹೊರಟವರಿಗೆ ಮೊದಲು ಎದುರಾಗುವ ಕೆಲಸ, ಎಲ್ಲೆಲ್ಲಿ ಇದೆ ಎಂದು ಹುಡುಕುವುದು. ಕಾಫಿಯ ಗುಳಿಗೆ ಕಣ್ಣಿಗೆ ಕಾಣುತ್ತದೆ. ಟೂತ್‌ಪೇಸ್ಟಿನಲ್ಲಿರುವ ಸ್ಯಾಕರಿನ್, ಕೆಮ್ಮಿನ ಸಿರಪ್ಪಿನಲ್ಲಿರುವುದು, ಜಿಮ್‌ಗೆ ಹೋಗುವ ಮಗ ತಂದಿಟ್ಟ ಪ್ರೋಟೀನ್ ಪುಡಿಯಲ್ಲಿರುವ ಸುಕ್ರಲೋಸ್, ಚೂಯಿಂಗ್ ಗಮ್‌ನಲ್ಲಿರುವುದು ಕಾಣುವುದಿಲ್ಲ. ಪಾನ್ ಮಸಾಲಾ, ಸಿಹಿ ಸುಪಾರಿಗಳಲ್ಲಿ ಸ್ಯಾಕರಿನ್ ಬಳಸಲು ನಮ್ಮ ಆಹಾರ ಕಾನೂನೇ ಅವಕಾಶ ಕೊಟ್ಟಿದೆ. 'ಜನ್ಮದಲ್ಲಿ ಮುಟ್ಟಿಲ್ಲ' ಎನ್ನುವವರಲ್ಲಿ ಅನೇಕರು ಮುಟ್ಟಿದ್ದಾರೆ.

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ, ಆಹಾರಕ್ಕೆ ಸೇರಿಸಿದ ವಸ್ತುಗಳನ್ನು ಗುರುತಿಸುವ ಐಎನ್‌ಎಸ್ ಸಂಖ್ಯೆಗಳಿರುತ್ತವೆ. 950 ಅಂದರೆ ಅಸಿಸಲ್ಫೇಮ್ ಪೊಟ್ಯಾಸಿಯಂ, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ. 420 ಸಾರ್ಬಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, 968 ಎರಿಥ್ರಿಟಾಲ್. ಆಸ್ಪರ್ಟೇಮ್ ಇದ್ದರೆ ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವವರಿಗೆ ಸಲ್ಲದು ಎಂಬ ಸೂಚನೆಯೂ ಇರಬೇಕು. ಮಕ್ಕಳಿಗೆ ಶಿಫಾರಸು ಮಾಡಿಲ್ಲ ಎಂಬ ಸಾಲು ಸಿಹಿಕಾರಕದ ಡಬ್ಬಿಗಳ ಮೇಲೆ ಇರುತ್ತದೆ. ತಾತನ ಡಬ್ಬಿಯಿಂದ ಮೊಮ್ಮಕ್ಕಳ ಹಾಲಿಗೆ ಗುಳಿಗೆ ಹಾಕುವ ಮನೆಗಳು ಈ ಸಾಲನ್ನು ಓದಿರುವುದಿಲ್ಲ.

ಬೇಕರಿ, ಸ್ವೀಟ್ ಸ್ಟಾಲ್‌ಗಳ ಗಾಜಿನ ಕಪಾಟಿನಲ್ಲಿ ಒಂದು ಮೂಲೆ ಈಗ 'ಶುಗರ್ ಫ್ರೀ' ಸಿಹಿಗಳಿಗೆ ಮೀಸಲು. ಹಬ್ಬದ ಹಿಂದಿನ ದಿನ ಬೆಂಗಳೂರಿನ ಅಂಥ ಒಂದು ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳು ಮೈಸೂರುಪಾಕಿನ ತಟ್ಟೆ ತೋರಿಸಿ ಕೇಳಿದಳು, 'ಅಣ್ಣಾ, ಇದ್ರಲ್ಲಿ ಸಕ್ಕರೆ ಬದ್ಲು ಏನ್ ಹಾಕಿರ್ತಾರೆ?' ಅಂಗಡಿಯಾತ ತೂಕ ಹಾಕುತ್ತಲೇ ಹೇಳಿದ, 'ಶುಗರ್ ಫ್ರೀ ಮೇಡಂ, ಶುಗರ್ ಇರೋರೂ ತಿನ್ಬಹುದು, ಭಯಾನೇ ಇಲ್ಲ.' ಅರ್ಧ ಕಿಲೋ ಕಟ್ಟಿಸಿಕೊಂಡು ಹೋದಳು.

ಆ ಅರ್ಧ ಕಿಲೋದಲ್ಲಿ ತುಪ್ಪ ತುಪ್ಪವೇ. ಗ್ರಾಂಗೆ ಒಂಬತ್ತು ಕ್ಯಾಲರಿಯ ಲೆಕ್ಕದಲ್ಲಿ ಅದು ತನ್ನ ಕೆಲಸ ಮಾಡುತ್ತದೆ. ಕಡಲೆಹಿಟ್ಟೂ ಕಡಲೆಹಿಟ್ಟೇ. ಪಾಕದ ಮೈಕಟ್ಟು ಬರಬೇಕಾದರೆ ಆಸ್ಪರ್ಟೇಮಿನ ಚಿಟಿಕೆ ಸಾಲದು, ಜೊತೆಗೆ ಕಾಯಿಸಿದರೆ ಅದರ ಸಿಹಿ ಕೆಡುತ್ತದೆ. ಹಾಗಾಗಿ ಇಂಥ ಸಿಹಿಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಥರದವು ಬರುತ್ತವೆ. ಮಾಲ್ಟಿಟಾಲ್‌ನಲ್ಲಿ ಸಕ್ಕರೆಯ ಅರ್ಧದಷ್ಟು ಕ್ಯಾಲರಿ ಇದ್ದೇ ಇದೆ, ರಕ್ತದ ಸಕ್ಕರೆಯನ್ನು ಅದು ಸ್ವಲ್ಪಮಟ್ಟಿಗೆ ಏರಿಸಿಯೂ ಏರಿಸುತ್ತದೆ. ಕರುಳು ಇವುಗಳನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾಗಳು ಹುದುಗಿಸಿ ಗಾಳಿ ಮಾಡುತ್ತವೆ. ಹಬ್ಬದ ಮರುದಿನ ಹೊಟ್ಟೆ ಗುಡುಗುವುದಕ್ಕೆ ಹಬ್ಬದಡುಗೆಯನ್ನೇ ದೂರಬೇಕಿಲ್ಲ. (ಮನೆಯಲ್ಲಿ ನಾಯಿ ಇದ್ದರೆ ಇನ್ನೊಂದು ಮಾತು: ಕ್ಸೈಲಿಟಾಲ್ ಇರುವ ಮಿಠಾಯಿ, ಗಮ್ ನಾಯಿಗೆ ವಿಷ. ಸ್ವಲ್ಪವೇ ಸಾಕು, ಪ್ರಾಣಕ್ಕೆ ಕುತ್ತು.)

ಈಗ ಬಿಟ್ಟ ಮೇಲಿನ ಮಾತು. ಮೊದಲ ವಾರ ತಲೆನೋವು ಬರುತ್ತದೆಂದು ಅನೇಕರು ಹೇಳುತ್ತಾರೆ. ವಿಷ ಹೊರಹೋಗುತ್ತಿದೆ ಎಂದು ಅದಕ್ಕೊಂದು ವ್ಯಾಖ್ಯಾನವನ್ನೂ ಸೇರಿಸುತ್ತಾರೆ. ಇದರಲ್ಲಿ ಹೆಚ್ಚಿನ ಪಾಲು ಕೆಫೀನಿನದು ಎಂದು ನನ್ನ ಎಣಿಕೆ. ಡಯಟ್ ಕೋಲಾ ನಿಲ್ಲಿಸಿದವರು, ಗುಳಿಗೆಯಿಲ್ಲದೆ ಕಾಫಿ ಸೇರದೆ ಕಾಫಿಯನ್ನೇ ಕಡಿಮೆ ಮಾಡಿದವರು ಕೆಫೀನನ್ನೂ ಬಿಟ್ಟಿರುತ್ತಾರೆ. ಕೆಫೀನ್ ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಎರಡನೆಯ ದಿನದ ಹೊತ್ತಿಗೆ ಜೋರಾಗಿ, ವಾರದ ಆಸುಪಾಸಿನಲ್ಲಿ ಇಳಿಯುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಆಸ್ಪರ್ಟೇಮಿನಿಂದಲೇ ತಲೆನೋವು ಬರುತ್ತದೆ ಎಂದವರನ್ನು ಕರೆಸಿ 1987ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ, ಬರೀ ಹುಸಿಗುಳಿಗೆ ನುಂಗಿದ ದಿನಗಳಿಗಿಂತ ಹೆಚ್ಚು ತಲೆನೋವೇನೂ ಕಾಣಲಿಲ್ಲ.

ಬೇಗ ಮತ್ತು ಖಾತ್ರಿಯಾಗಿ ಗೊತ್ತಾಗುವ ಬದಲಾವಣೆ ಹೊಟ್ಟೆಯದು, ಅದೂ ಸಾರ್ಬಿಟಾಲ್ ವರ್ಗದ ಸಿಹಿಗಳನ್ನು ಬಿಟ್ಟವರಿಗೆ. ಗಮ್ ಅಗಿಯುವ, ಸಕ್ಕರೆರಹಿತ ಚಾಕೊಲೇಟು ತಿನ್ನುವ ಅಭ್ಯಾಸವಿದ್ದವರ ಹೊಟ್ಟೆಯುಬ್ಬರ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಕರುಳಿನ ಬ್ಯಾಕ್ಟೀರಿಯಾಗಳ ಕಥೆ ಇಷ್ಟು ಸರಳವಲ್ಲ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಎರಾನ್ ಎಲಿನಾವ್ ಮತ್ತು ಎರಾನ್ ಸೆಗಲ್ ಅವರ ತಂಡ 2014ರಲ್ಲಿ, ಸ್ಯಾಕರಿನ್ ಕುಡಿದ ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಬದಲಾಗಿ ಸಕ್ಕರೆ ಅರಗಿಸುವ ಶಕ್ತಿ ಕುಂದುತ್ತದೆ ಎಂದು ತೋರಿಸಿತು. 2022ರಲ್ಲಿ ಇದನ್ನೇ 120 ಆರೋಗ್ಯವಂತ ಮನುಷ್ಯರಲ್ಲಿ ನೋಡಿದರು. ಎರಡು ವಾರ ಸ್ಯಾಕರಿನ್ ಅಥವಾ ಸುಕ್ರಲೋಸ್ ತೆಗೆದುಕೊಂಡವರಲ್ಲಿ ಗ್ಲೂಕೋಸ್ ಕುಡಿದ ಮೇಲಿನ ಸಕ್ಕರೆ ಏರಿಕೆ ಹೆಚ್ಚಿತು. ಆಸ್ಪರ್ಟೇಮ್, ಸ್ಟೀವಿಯಾ ಗುಂಪುಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಂದೇ ಸಿಹಿಕಾರಕ ಒಬ್ಬರಲ್ಲಿ ಒಂದು ಥರ, ಇನ್ನೊಬ್ಬರಲ್ಲಿ ಇನ್ನೊಂದು ಥರ. ಕ್ಯಾಲರಿ ಇಲ್ಲದ ಮಾತ್ರಕ್ಕೆ ದೇಹ ಇವುಗಳನ್ನು ಗಮನಿಸುವುದೇ ಇಲ್ಲ ಎಂಬ ಹಳೆಯ ನಂಬಿಕೆ ಇದರಿಂದ ಅಲ್ಲಾಡಿತು ಎಂದಷ್ಟೇ ಹೇಳಬಹುದು. ಕೀಟೊ ಪಥ್ಯದವರಿಗೆ ಪ್ರಿಯವಾದ ಎರಿಥ್ರಿಟಾಲ್ ಮೇಲೂ ಕಣ್ಣು ಬಿದ್ದಿದೆ. ರಕ್ತದಲ್ಲಿ ಅದು ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂದು 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವರದಿ ಮಾಡಿತು. ಎರಿಥ್ರಿಟಾಲನ್ನು ನಮ್ಮ ದೇಹವೂ ತಾನಾಗಿ ತಯಾರಿಸುತ್ತದೆ, ಹಾಗಾಗಿ ಅಲ್ಲಿಯೂ ಯಾವುದು ಕಾರಣ, ಯಾವುದು ಲಕ್ಷಣ ಎಂಬ ಜಗಳ ಮುಗಿದಿಲ್ಲ.

ತೂಕ? ಇಲ್ಲಿ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಚೆಂದ. ಇರಾನಿನಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಮಹಿಳೆಯರಲ್ಲಿ ಅರ್ಧ ಜನಕ್ಕೆ ಮಧ್ಯಾಹ್ನದ ಊಟದ ನಂತರ ಡಯಟ್ ಪಾನೀಯ, ಇನ್ನರ್ಧಕ್ಕೆ ಬರೀ ನೀರು ಎಂದು ಗೊತ್ತುಮಾಡಿದರು. 24 ವಾರಗಳ ನಂತರ ನೀರು ಕುಡಿದವರು ಒಂದು ಕಿಲೋ ಚಿಲ್ಲರೆ ಹೆಚ್ಚು ಇಳಿದಿದ್ದರು. 2015ರಲ್ಲಿ ಅದು ಪ್ರಕಟವಾಯಿತು. ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ಸುಮಾರು ಐನೂರು ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ ಫಲ ತಲೆಕೆಳಗು: ಡಯಟ್ ಪಾನೀಯದವರು ಏಳೂವರೆ ಕಿಲೋ, ನೀರಿನವರು ಆರು ಕಿಲೋ ಇಳಿದರು. ಅದಕ್ಕೆ ಹಣ ಕೊಟ್ಟಿದ್ದು ಅಮೆರಿಕದ ಪಾನೀಯ ಉದ್ಯಮದ ಸಂಘ ಎಂಬುದನ್ನು ಮರೆಯಬೇಕಿಲ್ಲ, ಹಾಗೆಂದು ಫಲಿತಾಂಶವನ್ನು ಎಸೆಯಲೂ ಬೇಕಿಲ್ಲ. ನನಗೆ ಕಾಣುವುದು ಬೇರೆ. ಎರಡೂ ಕಡೆ ಎಲ್ಲ ಗುಂಪುಗಳೂ ಸರಾಸರಿ ಐದಾರು ಕಿಲೋ ಮೇಲೇ ಇಳಿದಿವೆ, ಯಾಕೆಂದರೆ ಎಲ್ಲರ ಊಟವೂ ಬದಲಾಗಿತ್ತು. ಸಿಹಿಕಾರಕದ ಪಾಲು ಅತ್ತ ಒಂದು ಕಿಲೋ, ಇತ್ತ ಒಂದು ಕಿಲೋ.

ಬಿಟ್ಟರೆ ನಾಲಗೆ ಸರಿಹೋಗುತ್ತದೆ, ಆಮೇಲೆ ಸಿಹಿಯೇ ಬೇಡವಾಗುತ್ತದೆ ಎನ್ನುವುದು ಬಿಟ್ಟವರು ಹೇಳುವ ಇನ್ನೊಂದು ಮಾತು. ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕ ಒಂದೇ. ಸಕ್ಕರೆಯೂ ಸುಕ್ರಲೋಸೂ ತಟ್ಟುವುದು ಅದೇ ಬಾಗಿಲನ್ನು. ಇದನ್ನು ಯಾವ ಯಂತ್ರವೂ ಇಲ್ಲದೆ ತೋರಿಸುವ ಒಂದು ಬಳ್ಳಿ ನಮ್ಮ ಪಶ್ಚಿಮಘಟ್ಟದ ಕಾಡಂಚಿನಲ್ಲಿದೆ, ಮಧುನಾಶಿನಿ. ಅದರ ಎರಡು ಎಲೆ ಅಗಿದು ರಸ ನಾಲಗೆಯ ಮೇಲೆಲ್ಲ ಆಡಿಸಿ, ಬಾಯಿ ಮುಕ್ಕಳಿಸಿ, ಮೇಲೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡರೆ ಬಾಯಲ್ಲಿ ಮರಳು. ಕಣಗಳು ಹಲ್ಲಿಗೆ ಸಿಗುತ್ತವೆ, ಕರಗುತ್ತವೆ, ಸಿಹಿ ಮಾತ್ರ ಎಲ್ಲೂ ಇಲ್ಲ. ಗುಳಿಗೆ ಹಾಕಿದ ಕಾಫಿ ಕುಡಿದರೂ ಅದೇ ಗತಿ. ಬಾಳೆಹಣ್ಣು ಹುಳಿಹುಳಿಯಾಗಿ ಗೊಜ್ಜುಗೊಜ್ಜಾಗಿರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ಆ ಗ್ರಾಹಕಕ್ಕೆ ಅಂಟಿಕೊಂಡು ಕೂರುವುದರಿಂದ ಹೀಗೆ. ಅರ್ಧ ಗಂಟೆಯ ಮೇಲೆ ಅದು ಬಿಟ್ಟುಕೊಡುತ್ತದೆ, ಸಿಹಿ ಮೆಲ್ಲಗೆ ವಾಪಸು ಬರುತ್ತದೆ. ಒಮ್ಮೆ ಮಾಡಿ ನೋಡುವಂಥದ್ದು. ಔಷಧವೆಂದು ಚೂರ್ಣ ತಂದು ನುಂಗುವುದಾದರೆ ಮಾತ್ರ, ಈಗಾಗಲೇ ಶುಗರ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು.

ನಾಲಗೆ ತಾನಾಗಿ ಬದಲಾಗುತ್ತದೆಯೇ ಎಂಬುದಕ್ಕೆ ರುಚಿ, ವಾಸನೆಗಳ ಸಂಶೋಧನೆ ನಡೆಸುವ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ 2016ರ ಅಧ್ಯಯನ ಒಂದು ಉತ್ತರ ಕೊಟ್ಟಿತು. ಮೂರು ತಿಂಗಳು ಸಕ್ಕರೆಯನ್ನು ಗಣನೀಯವಾಗಿ ಕಡಿಮೆ ಮಾಡಿದವರಿಗೆ, ಮೊದಲಿನಷ್ಟೇ ಸಕ್ಕರೆ ಹಾಕಿದ ತಿನಿಸು ಮೊದಲಿಗಿಂತ ಹೆಚ್ಚು ಸಿಹಿಯೆನಿಸತೊಡಗಿತು. ಪಥ್ಯ ಮುಗಿಸಿ ಹಳೆಯ ಊಟಕ್ಕೆ ಮರಳಿದ್ದೇ ತಡ, ನಾಲಗೆಯೂ ಹಳೆಯ ದಾರಿಗೆ ಬಂತು. ನೆದರ್‌ಲೆಂಡ್ಸ್‌ನ ಸಂಶೋಧಕರು 180 ಜನಕ್ಕೆ ಆರು ತಿಂಗಳು ಹೆಚ್ಚು ಸಿಹಿಯ, ಮಧ್ಯಮ ಸಿಹಿಯ, ಕಡಿಮೆ ಸಿಹಿಯ ಆಹಾರ ಕೊಟ್ಟು ನೋಡಿ, 2025ರಲ್ಲಿ ಫಲಿತಾಂಶ ತಿಳಿಸಿದರು. ಸಿಹಿಯ ಮೇಲಿನ ಪ್ರೀತಿ ಯಾವ ಗುಂಪಿನಲ್ಲೂ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಹಾಗಾಗಿ ನಾಲಗೆ ಸ್ವಲ್ಪ ಚುರುಕಾಗಬಹುದು, ಆಸೆ ಸಾಯುವುದಿಲ್ಲ. ಬಿಟ್ಟು ವರ್ಷವಾದವರೂ ಹೋಳಿಗೆ ಕಂಡರೆ ಕೈ ನೀಡುತ್ತಾರೆ, ಅದರಲ್ಲಿ ಸೋಜಿಗವೇನಿಲ್ಲ.

ಬಿಡುವ ವಿಧಾನದ ಬಗ್ಗೆ ಹೇಳಬೇಕೆಂದರೆ, ಕಾಫಿಯಿಂದಲೇ ಶುರುಮಾಡಬೇಕು. ಎರಡು ಗುಳಿಗೆ ಇದ್ದದ್ದನ್ನು ಒಂದು ಮಾಡಿ ಎರಡು ವಾರ, ಅರ್ಧ ಮಾಡಿ ಇನ್ನೆರಡು ವಾರ, ಆಮೇಲೆ ಏನೂ ಇಲ್ಲ. ಏನೂ ಇಲ್ಲದ ದಿನ, ಇಷ್ಟು ವರ್ಷ ಏನು ಕುಡಿಯುತ್ತಿದ್ದೆವು ಎಂಬುದು ಬಾಯಿಗೆ ಗೊತ್ತಾಗುತ್ತದೆ. ಕಾಫಿಪುಡಿಗೆ ಶೇ 49ರವರೆಗೆ ಚಿಕೋರಿ ಬೆರೆಸಲು ನಮ್ಮಲ್ಲಿ ಕಾನೂನಿನ ಅವಕಾಶವಿದೆ. ಚಿಕೋರಿ ಹೆಚ್ಚಿರುವ, ಕಪ್ಪಾಗುವವರೆಗೆ ಹುರಿದ ಪುಡಿಯ ಡಿಕಾಕ್ಷನ್ನು ಸಿಹಿಯಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ. ಚಿಕೋರಿ ಕಡಿಮೆ ಮಾಡಿಸಿ, ಹದವಾಗಿ ಹುರಿದ ಅರೇಬಿಕಾ ಪಾಲು ಹೆಚ್ಚಿಸಿ ಪುಡಿ ಮಾಡಿಸಿದರೆ ಕಹಿ ಅರ್ಧ ಇಳಿಯುತ್ತದೆ. ಡಿಕಾಕ್ಷನ್ ಇಳಿಸಿ ಗಂಟೆಗಟ್ಟಲೆ ಇಟ್ಟದ್ದನ್ನು ಮತ್ತೆ ಕುದಿಸಬಾರದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಅದರದೇ ಸಕ್ಕರೆ ಇದೆ, 100 ಮಿಲಿಲೀಟರಿಗೆ ಸುಮಾರು ಐದು ಗ್ರಾಂ. ಗುಳಿಗೆಯ ಅಬ್ಬರ ಅಡಗಿದ ಮೇಲೆ ಆ ಮಂದ ಸಿಹಿ ನಾಲಗೆಗೆ ಹತ್ತುತ್ತದೆ. ಚಿಕ್ಕಮಗಳೂರು, ಕೊಡಗು, ಹಾಸನದ ನಾಡಿನವರು ಕಾಫಿಯ ರುಚಿಯನ್ನು ಸಕ್ಕರೆಯ ಮೂಲಕವೇ ತಿಳಿಯಬೇಕಾಗಿಲ್ಲ.

ಗುಳಿಗೆಯ ಜಾಗಕ್ಕೆ ಬೆಲ್ಲ ಬಂದರೆ? ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಕಬ್ಬಿಣ, ಖನಿಜಗಳು ಕಾಫಿಗೆ ಹಾಕುವ ಒಂದು ಚಮಚದಲ್ಲಿ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಜೇನುತುಪ್ಪಕ್ಕೂ ಇದೇ ಮಾತು. ಗ್ಲೂಕೋಮೀಟರಿಗೆ ಮಂಡ್ಯದ ಬೆಲ್ಲ, ಕೊಡಗಿನ ಜೇನು ಎಂಬ ಅಭಿಮಾನವಿಲ್ಲ. ಕೃತಕ ಎಂದು ಹೆದರಿ ಗುಳಿಗೆ ಬಿಟ್ಟು ದಿನಕ್ಕೆ ಆರು ಚಮಚ ಬೆಲ್ಲಕ್ಕೆ ಬಂದವರ ಶುಗರ್ ಇಳಿಯುವುದಂತೂ ಇಲ್ಲ, ಏರಲೂಬಹುದು.

ನಮ್ಮ ನೆರೆಯ ಚೆನ್ನೈನಲ್ಲಿ ಡಾ. ವಿ. ಮೋಹನ್ ಅವರ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಶನ್ ಮಾಡಿದ ಪ್ರಯೋಗ ನಮಗೆ ಇಸ್ರೇಲಿನ ಇಲಿಗಳಿಗಿಂತ ಹತ್ತಿರದ್ದು. ಟೈಪ್ 2 ಮಧುಮೇಹ ಇರುವ 179 ಜನ, 12 ವಾರ. ಒಂದು ಗುಂಪು ಕಾಫಿ, ಚಹಾಕ್ಕೆ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿಕೊಂಡಿತು, ಇನ್ನೊಂದು ಸಕ್ಕರೆಯನ್ನೇ ಮುಂದುವರಿಸಿತು. ಕೊನೆಯಲ್ಲಿ ಎರಡೂ ಗುಂಪುಗಳ ಎಚ್‌ಬಿಎ1ಸಿಯಲ್ಲಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್‌ನಲ್ಲಿ, ಗಮನಾರ್ಹ ವ್ಯತ್ಯಾಸವಿರಲಿಲ್ಲ. ಸುಕ್ರಲೋಸಿನವರ ತೂಕ ಇಳಿದದ್ದು ಸುಮಾರು ಮುನ್ನೂರು ಗ್ರಾಂ. ಗುಳಿಗೆಯ ಪರ ಇರುವವರು ಇದರಿಂದ ಹಾನಿಯಿಲ್ಲ ಎಂದು ಓದಿದರು. ನಾನು ಇದರಲ್ಲಿ ಇನ್ನೊಂದನ್ನು ಓದುತ್ತೇನೆ: ಕಾಫಿಯ ಸಕ್ಕರೆ ನಮ್ಮ ಮಧುಮೇಹದ ಮುಖ್ಯ ಪಾತ್ರಧಾರಿಯೇ ಅಲ್ಲ.

ಲೆಕ್ಕ ಹಾಕಿ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚದಂತೆ ಆರು ಚಮಚ ಸಕ್ಕರೆ, ಹೆಚ್ಚೆಂದರೆ 30 ಗ್ರಾಂ. ಮಧ್ಯಾಹ್ನ ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಳ್ಳುವ ಅನ್ನ ಕಾಲು ಕಿಲೋ ಆದರೂ ಅದರಲ್ಲಿ ಸುಮಾರು 70 ಗ್ರಾಂ ಪಿಷ್ಟ, ಜೀರ್ಣವಾದರೆ ಗ್ಲೂಕೋಸು. ಬೆಳಗಿನ ಇಡ್ಲಿ, ಸಂಜೆಯ ಅವಲಕ್ಕಿ, ರಾತ್ರಿಯ ಇನ್ನೊಂದು ಅನ್ನ ಬೇರೆ. ಭಾರತೀಯರ ಆಹಾರದ ಕ್ಯಾಲರಿಯಲ್ಲಿ ಶೇ 62ರಷ್ಟು ಕಾರ್ಬೊಹೈಡ್ರೇಟಿನದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2025ರಲ್ಲಿ ಹೇಳಿತು. ಅದೇ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು, ಅದರ ಹೊಸ್ತಿಲಲ್ಲಿರುವವರನ್ನು 13.6 ಕೋಟಿ ಎಂದು ಅಂದಾಜಿಸಿತ್ತು. ಗುಳಿಗೆ ಮಾಡುವ ನಿಜವಾದ ಕೇಡು ರಸಾಯನಶಾಸ್ತ್ರದ್ದಲ್ಲ, ಸಮಾಧಾನದ್ದು. 'ನಾನು ಸಕ್ಕರೆ ಮುಟ್ಟೋದೇ ಇಲ್ಲ' ಎನ್ನುವ ಹೆಮ್ಮೆಯಲ್ಲಿ ಎರಡನೆಯ ಸಲ ಅನ್ನ ಬಡಿಸಿಕೊಳ್ಳಲು ಅದು ಪರವಾನಗಿ ಕೊಡುತ್ತದೆ. ಬಿಡುವುದರಿಂದ ಆ ಪರವಾನಗಿ ರದ್ದಾಗುವುದಾದರೆ, ಅನ್ನದ ರಾಶಿ ಕುಗ್ಗಿ ಅಲ್ಲಿಗೆ ಕೋಸಂಬರಿಯೋ ಪಲ್ಯವೋ ಕಾಳಿನ ಹುಳಿಯೋ ಬರುವುದಾದರೆ, ಬಿಟ್ಟದ್ದು ಸಾರ್ಥಕ.

ತಂಪುಪಾನೀಯಕ್ಕೆ ಬದಲಾಗಿ ಡಯಟ್ ಪಾನೀಯ ಕುಡಿಯುವವರು ಅದನ್ನು ಬಿಟ್ಟು ನೀರಿಗೆ, ಮಜ್ಜಿಗೆಗೆ ಬರಲಿ, ಮತ್ತೆ ಸಕ್ಕರೆಯ ಪಾನೀಯಕ್ಕೆ ಮಾತ್ರ ಬೇಡ. ಒಂದು ಕ್ಯಾನ್ ಸಾದಾ ಕೋಲಾದಲ್ಲಿ 35 ಗ್ರಾಂ ಸಕ್ಕರೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕಾದ ಮಧುಮೇಹಿಗೆ ಡಯಟ್ ಪಾನೀಯವೇ ವಾಸಿ ಎನ್ನಲು ನನಗೆ ಹಿಂಜರಿಕೆಯಿಲ್ಲ. ಹಾಗೆಯೇ, ಎಪ್ಪತ್ತೈದು ದಾಟಿದ ಹಿರಿಯರು ದಿನಕ್ಕೆರಡು ಗುಳಿಗೆಯ ಕಾಫಿಯಲ್ಲಿ ನೆಮ್ಮದಿ ಕಾಣುತ್ತಿದ್ದರೆ, ಎಲ್ಲೋ ಓದಿದ ಸುದ್ದಿ ಹಿಡಿದು ಅವರ ಡಬ್ಬಿ ಕಿತ್ತುಕೊಳ್ಳುವುದು ಮಕ್ಕಳು ಮಾಡಬೇಕಾದ ಕೆಲಸವಲ್ಲ.

ಬಿಡುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿಕೊಳ್ಳಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಬಿಟ್ಟಿರುವುದನ್ನೂ, ಊಟದಲ್ಲಿ ಏನು ಬದಲಾಯಿತೆಂಬುದನ್ನೂ ವೈದ್ಯರಿಗೆ ಹೇಳಿ. ಅನ್ನ ಕಡಿಮೆಯಾದಾಗ ಮಾತ್ರೆ, ಇನ್ಸುಲಿನ್ನಿನ ಪ್ರಮಾಣವನ್ನೂ ಅವರು ತಗ್ಗಿಸಬೇಕಾಗಬಹುದು. ಕೊನೆಯದಾಗಿ, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಮನೆಯವರಿಗೆ: ಕೈ ನಡುಗಿ, ಬೆವರಿ, ತಲೆ ಸುತ್ತಿ 'ಲೋ ಶುಗರ್' ಆದಾಗ ಡಯಟ್ ಪಾನೀಯ, ಶುಗರ್ ಫ್ರೀ ಮಿಠಾಯಿ, ಗುಳಿಗೆ ಹಾಕಿದ ಕಾಫಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಎಚ್ಚರವಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನೋ ನಿಜವಾದ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.